ಒಂಟಿ ಸೀನು

ನಮ್ಮ ಊರಿನಲ್ಲಿ ಮುಖ್ಯಮಂತ್ರಿಯಾದವರು ಶಾಸನಸಭೆಯಲ್ಲಿ ಒಂದು ಸಲ ಸೀನಿದರೆ ಸರ್ಕಾರ ಬಿದ್ದುಹೋಗುತ್ತದೆ. ಹಾಗಾಗಿ ಆ ಕುರ್ಚಿಯಲ್ಲಿ ಬಹಳ ಕಾಲ ಕೂತವರು ಯಾರೂ ಇಲ್ಲ. ನಮ್ಮ ಯಜಮಾನರು ಪರ್ವತಯ್ಯನವರು ಮಾವು ಹೂ ಬಿಡುವಾಗ ಏರಿದರು, ಹಣ್ಣಿನ ಕಾಲ ಮುಗಿಯುವಾಗ ಇಳಿದರು. ಅಷ್ಟು ದೀರ್ಘ ಕಾಲ ಆಳಿದವರನ್ನು ನಾನಂತೂ ಕಂಡಿಲ್ಲ.

ಇವರಿಗಿಂತ ಮುಂಚೆ ಒಬ್ಬರಿದ್ದರು. ಪ್ರಮಾಣವಚನ ಓದುತ್ತ "ದೇವರ ಹೆಸರಿನಲ್ಲಿ" ಎನ್ನುವಷ್ಟರಲ್ಲಿ ಕೊರಳಿನ ಹಾರದ ಹೂವೊಂದು ಮೂಗಿಗೆ ತಗುಲಿ ಸೀನಿಬಿಟ್ಟರು. ಅವರು ಮುಖ್ಯಮಂತ್ರಿಯಾಗಿದ್ದರೋ ಇಲ್ಲವೋ ಎಂದು ಹೋಟೆಲುಗಳಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಅವರ ನಂತರ ಬಂದವರು ಬಡವರ ಕಷ್ಟ ಹೇಳುತ್ತ ಹೇಳುತ್ತ ಅಳತೊಡಗಿದರು. ಅಳು ಮೂಗಿಗಿಳಿದು ಸೀನಾಯಿತು. ಇನ್ನೊಬ್ಬ ಪುಣ್ಯಾತ್ಮರು ಸಭೆಯಲ್ಲಿ ನಿದ್ದೆ ಹೊಡೆಯುತ್ತಲೇ ಸೀನಿ, ಎಚ್ಚರವಾಗಿ ನೋಡಿದರೆ ಮಾಜಿಯಾಗಿದ್ದರು.

ನಮಗೆ ಇದೆಲ್ಲ ಅಭ್ಯಾಸವಾಗಿ ಹೋಗಿದೆ. ಸಭೆ ಸೇರುವ ದಿನ ಅಕ್ಕಪಕ್ಕದ ಬೀದಿಗಳಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಬೀದಿ ಗುಡಿಸುವವರು ಮೊದಲು ನೀರು ಚಿಮುಕಿಸಿ ಆಮೇಲೆ ಪೊರಕೆ ಹಿಡಿಯುತ್ತಾರೆ. ಕಡತಗಳನ್ನು ಕೆರೆ ಏರಿಯ ಮೇಲೆ ಕೊಡವಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಳಗೆ ತರುತ್ತಾರೆ. ನಶ್ಯದ ಅಂಗಡಿಗಳೆಲ್ಲ ಹೊಳೆಯಾಚೆ. ಮಗು ಸೀನಿದರೆ ಬೇರೆ ಊರಿನ ತಾಯಂದಿರು "ಚಿರಂಜೀವಿಯಾಗು" ಎನ್ನುತ್ತಾರಂತೆ. ನಾವು "ಸದ್ಯ, ನೀನು ಮಂತ್ರಿಯಲ್ಲ" ಎನ್ನುತ್ತೇವೆ.

ನಮ್ಮ ಮನೆಯೂ ಹೊಳೆಯಾಚೆಯೇ. ನಮ್ಮದು ಖಾರದ ಪುಡಿ ಬೀಸುವ ಮಿಲ್ಲು. ಯಜಮಾನರು ಮೀಸೆ ಮೂಡುವ ಮುಂಚಿನಿಂದ ಅದರೊಳಗೆ ಬೆಳೆದವರು. ಮೆಣಸಿನಕಾಯಿಯ ಘಾಟು ಕುಡಿದು ಕುಡಿದು ಅವರ ಮೂಗು ಸುಟ್ಟ ಇಟ್ಟಿಗೆಯ ಹಾಗಾಗಿತ್ತು. ಮದುವೆಯಾದ ಹೊಸತರಲ್ಲಿ ನಾನು ಮಿಲ್ಲಿಗೆ ಹೋಗಿ, ಸೀನಿ ಸೀನಿ ಮೂಗುತಿಯನ್ನೇ ಬೀಳಿಸಿಕೊಂಡೆ. ಇವರು ಕೆಂಪು ಪುಡಿಯ ಮೋಡದೊಳಗೆ ನಿಂತುಕೊಂಡೇ ಅದನ್ನು ಹುಡುಕಿಕೊಟ್ಟರು. "ನಿಮಗೆ ಏನೂ ಆಗಲ್ವೇನ್ರೀ?" ಅಂದರೆ, "ಏನಾಗ್ಬೇಕು?" ಎಂದು ನನ್ನನ್ನೇ ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸೀನಿದ್ದನ್ನು ನಾನು ಕಂಡಿರಲಿಲ್ಲ.

ಹೊಳೆಯಾಚೆಯ ಜನ ಇವರನ್ನು ಶಾಸಕರನ್ನಾಗಿ ಆರಿಸಿ ಕಳಿಸಿದ್ದಕ್ಕೂ ದೊಡ್ಡ ಕಾರಣವೇನಿರಲಿಲ್ಲ. ಮಿಲ್ಲಿನಲ್ಲಿ ಯಾರ ಬುಟ್ಟಿ ಮೊದಲು ಬಂತೋ ಅದೇ ಮೊದಲು ಬೀಸುವುದು. ಪಟೇಲರ ಮನೆಯ ಬುಟ್ಟಿಯಾದರೂ ಅಷ್ಟೇ, ಕಳೆ ಕೀಳುವವಳ ಬುಟ್ಟಿಯಾದರೂ ಅಷ್ಟೇ. "ಇಂಥವನೊಬ್ಬ ಅಲ್ಲಿರಲಿ" ಎಂದು ಜನ ಓಟು ಹಾಕಿದರು. ಇವರು ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಕೈ ಎತ್ತು ಅಂದಾಗ ಎತ್ತಿ, ಸಂಜೆ ಮನೆಗೆ ಬಂದು ಮಿಲ್ಲು ಹಾಕುತ್ತಿದ್ದರು.

ಇವರ ಪಕ್ಷದ ಹಿರಿಯರು ಜವರಪ್ಪಣ್ಣ. ಅವರು ಯಾವತ್ತೂ ಮುಖ್ಯಮಂತ್ರಿಯಾದವರಲ್ಲ, ಬೆಳಗಾದರೆ ಅವರಿಗೆ ನೆಗಡಿ. ಆದರೆ ಪಕ್ಷದ ಕಡೆಯಿಂದ ಕುರ್ಚಿಯ ಮೇಲೆ ಯಾರನ್ನು ಕೂರಿಸಬೇಕು ಎನ್ನುವುದು ಮಾತ್ರ ಅವರ ಕೈಯಲ್ಲೇ ಇತ್ತು. ಆ ವರ್ಷ ಒಂದರ ಹಿಂದೆ ಒಂದು ಸರ್ಕಾರ ಬಿದ್ದು, ಇನ್ಯಾರನ್ನೋ ಏರಿಸಬೇಕೆಂದು ಶಾಸಕರ ಒಪ್ಪಿಗೆ ಕೇಳುತ್ತ ನಮ್ಮ ಮಿಲ್ಲಿಗೂ ಬಂದರು. ಜೊತೆಯಲ್ಲಿ ಬಿಳಿ ಬಟ್ಟೆಯ ನಾಲ್ಕೈದು ಜನ. ಬಾಗಿಲು ದಾಟಿದ್ದೇ ತಡ, ಒಬ್ಬೊಬ್ಬರೂ ಸೊಂಟ ಹಿಡಿದುಕೊಂಡು ಸೀನತೊಡಗಿದರು.

"ಒಸಿ ನಿಲ್ಲಿ ಅಣ್ಣ, ಈವಮ್ಮನ ಬುಟ್ಟಿ ಮುಗಿಸ್ಬಿಟ್ಟು ಬತ್ತೀನಿ" ಎಂದರು ಇವರು. ರೆಪ್ಪೆಯ ಮೇಲೆಲ್ಲ ಖಾರದ ಪುಡಿ ಕೂತಿತ್ತು.

"ಪರ್ವತಯ್ಯ... ಆಕ್ಷೀ... ನಿಂಗೆ ಸೀನು... ಆಕ್ಷೀ... ಬರಲ್ವೇನಯ್ಯಾ?"

"ಸೀನಾ? ಅದ್ಯಾಕಣ್ಣ ಬತ್ತದೆ?"

ಜವರಪ್ಪಣ್ಣ ಕಣ್ಣೊರೆಸಿಕೊಂಡು, ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡುವವರ ಹಾಗೆ ಇವರ ಮೂಗನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು. ಒಂದು ಹಿಡಿ ಪುಡಿ ತೆಗೆದು ಮೂಗಿನ ಕೆಳಗೆ ಹಿಡಿದರು. ಇವರು ಅದನ್ನು ಮೂಸಿ, "ಇದಿನ್ನೂ ತರಿತರಿ ಅದೆ, ಇನ್ನೊಂದ್ಸಲ ಬೀಸ್ಬೇಕು" ಎಂದರು. ಅಷ್ಟೇ ಸಾಕಾಯಿತು. ಬಂದವರು ಸೀನುತ್ತಲೇ ಇವರನ್ನು ಹೆಗಲ ಮೇಲೆ ಹೊತ್ತು, ಹೊಳೆ ದಾಟಿಸಿ ಕರೆದುಕೊಂಡು ಹೋದರು. ಮಿಲ್ಲಿನ ಬೆಲ್ಟು ಇನ್ನೂ ತಿರುಗುತ್ತಿತ್ತು. ನಾನೇ ಹೋಗಿ ನಿಲ್ಲಿಸಿದೆ.

ಹೀಗೆ ನಾನು ಮುಖ್ಯಮಂತ್ರಿಯ ಹೆಂಡತಿಯಾದೆ. ಊರ ನಡುವಿನ ದೊಡ್ಡ ಬಂಗಲೆಗೆ ಬಂದೆವು. ಇವರಿಗೆ ಆಡಳಿತ ಅಂದರೆ ಏನೆಂದು ಗೊತ್ತಿರಲಿಲ್ಲ, ಆದ್ದರಿಂದ ಗೊತ್ತಿದ್ದದ್ದನ್ನೇ ಮಾಡಿದರು. ಬಂಗಲೆಗೆ ಹೊಂದಿಕೊಂಡಿದ್ದ ಕಚೇರಿಯ ಜಗಲಿಯ ಮೇಲೆ, "ಕೆಲಸ ಇರೋರು ತಮ್ಮ ತಮ್ಮ ಬುಟ್ಟಿ ಇಟ್ಟು ಸಾಲು ಹಿಡೀರಿ" ಎಂದರು. ಜನ ನಿಜವಾಗಿಯೂ ಬುಟ್ಟಿ ತಂದಿಟ್ಟರು. ಬುಟ್ಟಿಯೊಳಗೆ ಅರ್ಜಿ, ಮಳೆ ಬಂದರೆ ನೆನೆಯದಿರಲೆಂದು ಮೇಲೊಂದು ಮುತ್ತುಗದ ಎಲೆ. ಮಂತ್ರಿಗಳೂ ಬುಟ್ಟಿ ಇಡಬೇಕಾಯಿತು. ಲೋಕೋಪಯೋಗಿ ಮಂತ್ರಿ ಬೆಳ್ಳಿಯ ಬುಟ್ಟಿ ತಂದು ಮುಂದೆ ಇಟ್ಟರೆ, ಇವರು ಅದನ್ನು ಎತ್ತಿ ಎಲ್ಲರ ಹಿಂದಕ್ಕೆ ಇಟ್ಟು, "ಇಂಥಾದ್ನ ಬೀದೀಲಿ ಬಿಡ್ಬೇಡಿ ಸ್ವಾಮಿ, ಕದ್ಕೊಂಡೋದಾರು" ಎಂದರು. ವಿರೋಧ ಪಕ್ಷದ ನಾಯಕರು ಭೂಪಾಲಯ್ಯನವರೂ ಒಂದು ದಿನ ನಸುಕಿನಲ್ಲೇ ಎದ್ದು ಬುಟ್ಟಿ ಇಟ್ಟರು. ಅವರ ಕ್ಷೇತ್ರದ ಕೆರೆಯ ತೂಬು ಅವತ್ತೇ ರಿಪೇರಿಗೆ ಮಂಜೂರಾಯಿತು. ಅವರಿಗೆ ಇದರಿಂದ ಬಹಳ ಅವಮಾನವಾಯಿತು.

ಇಷ್ಟರಲ್ಲಿ ಜವರಪ್ಪಣ್ಣ ಮೂಗಿನ ಕಾಯಿದೆ ತಂದರು. ಇಂಥ ಅಪರೂಪದ ಮೂಗು ಸಿಕ್ಕಿರುವಾಗ ಅದನ್ನು ಜೋಪಾನ ಮಾಡಬೇಡವೇ ಎಂಬುದು ಅವರ ವಾದ. ಸಭೆಯ ಸುತ್ತಲಿನ ಬೀದಿಗಳಲ್ಲಷ್ಟೇ ಅಲ್ಲ, ಇಡೀ ಊರಿನಲ್ಲಿ, ಯಾವ ದಿನವೂ, ಯಾರೂ ಒಗ್ಗರಣೆ ಹಾಕಕೂಡದು. ಮೆಣಸಿನಕಾಯಿ ಹುರಿಯಕೂಡದು, ಕುಟ್ಟಕೂಡದು. ನಮ್ಮ ಮಿಲ್ಲಿಗೇ ಮೊದಲ ಬೀಗ ಬಿತ್ತು. ಇವರು ಬೇಡವೆಂದರೂ ಕೇಳಲಿಲ್ಲ. ಮೂಗಿನ ವಿಷಯದಲ್ಲಿ ಮುಖ್ಯಮಂತ್ರಿಯ ಮಾತು ನಡೆಯುವುದಿಲ್ಲ, ಪಕ್ಷದ ಹಿರಿಯರದ್ದೇ ಕೊನೆಯ ಮಾತು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಯಾರಿಗೂ ತನ್ನ ಮೂಗು ತನಗೆ ಕಾಣುವುದಿಲ್ಲವಲ್ಲ.

ಮೊದಮೊದಲು ಜನ ನಕ್ಕರು. ಆಮೇಲೆ ಊಟಕ್ಕೆ ಕೂತರು, ನಗು ನಿಂತಿತು. ಸಾರು ಅಂದರೆ ಬೇಳೆ ಬೆಂದ ನೀರು. ಚಿತ್ರಾನ್ನ ಅಂದರೆ ಹಳದಿ ಬಳಿದ ಅನ್ನ. ಉಪ್ಪಿಟ್ಟನ್ನು ಏನೆಂದು ಕರೆಯಬೇಕೋ ಯಾರಿಗೂ ತಿಳಿಯಲಿಲ್ಲ, ಅಂಟು ಅಂದರು. ಒಗ್ಗರಣೆಯಿಲ್ಲದ ಊಟಕ್ಕೆ ಬೀಗರು ಒಪ್ಪದೆ ಮದುವೆಗಳು ಮುಂದಕ್ಕೆ ಹೋದವು. ಗಂಡಸರು ಏನೇನೋ ನೆಪ ಹೇಳಿ ಬಸ್ಸು ಹತ್ತಿ ಪಕ್ಕದೂರಿಗೆ ಹೋಗಿ ಅವಲಕ್ಕಿ ಒಗ್ಗರಣೆ ತಿಂದು ಬರುತ್ತಿದ್ದರು; ಹೆಂಡತಿಯರು ಅವರ ಅಂಗಿ ಮೂಸಿ ಕಂಡುಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮೂಗುಗಾವಲು ಎಂದು ಒಂದು ಪಡೆಯನ್ನೇ ಕಟ್ಟಿದ್ದರು. ಆ ಪೊಲೀಸರು ಊಟದ ಹೊತ್ತಿನಲ್ಲಿ ಕಿಟಕಿ ಕಿಟಕಿಗೆ ಮೂಗು ಹಚ್ಚಿಕೊಂಡು ತಿರುಗುವರು. ಯಾರದೋ ಮನೆಯಲ್ಲಿ ಸಾಸಿವೆ ಚಟಪಟ ಅಂದಿತೆಂದು ನುಗ್ಗಿದರೆ, ಅದು ಮುದುಕರೊಬ್ಬರು ಬೆರಳಿನ ನೆಟಿಕೆ ಮುರಿದ ಸದ್ದು.

ಸಭೆಯ ಹಿಂದಿನ ಬೀದಿಯಲ್ಲಿ ಪುಟ್ಟಹೊನ್ನಮ್ಮ ಎಂಬಾಕೆ ಇದ್ದಳು. ವಿಧವೆ. ಎಷ್ಟೋ ವರ್ಷದಿಂದ ನಿಂತುಹೋಗಿದ್ದ ಅವಳ ಪಿಂಚಣಿ ಬುಟ್ಟಿಯ ಸಾಲಿನಿಂದಾಗಿ ಬಂದಿತ್ತು. ಥ್ಯಾಂಕ್ಸ್ ಹೇಳಲೆಂದು ಬಂಗಲೆಯ ಹಿಂಬಾಗಿಲಿಗೆ ಬಂದವಳು ಅಲ್ಲೇ ಕೂತು ಗೊಳೋ ಎಂದು ಅತ್ತಳು.

"ಅರ್ಜಿಯೇನೋ ಬ್ಯಾಗ ಆಯ್ತದೆ ಕಣವ್ವಾ ಚೆಲುವಾಜಮ್ಮ. ಅನ್ನ ಮಾತ್ರ ಗಂಟ್ಲಲ್ಲಿ ಇಳೀತಿಲ್ಲ. ನಿಮ್ಮೆಜಮಾನ್ರು ದೇವ್ರಂಥೋರು. ಅವ್ರು ಯಾವಾಗ ಹೋದಾರು?"

ನನ್ನ ಮನೆಯಲ್ಲೂ ಅದೇ ಗೋಳು. ನಾನು ಒಗ್ಗರಣೆಗೆ ಹೆಸರಾದ ತಾಯಿಯ ಮಗಳು. ಇವರು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಕಪ್ಪಗಾಗುವ ಹಾಗೆ ಹುರಿದು ಹಾಕಿದ ಸಾರು ಸುರಿದುಕೊಂಡು ಉಣ್ಣುತ್ತಿದ್ದ ಮನುಷ್ಯ. ಈಗ ತಟ್ಟೆಯನ್ನು ನೋಡಿ, "ಚೆಲುವಾ, ಇದು ಉಣ್ಣೋಕೋ, ಕೈ ತೊಳೆಯೋಕೋ?" ಎನ್ನುತ್ತಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸಣ್ಣಗಾದರು.

ಇನ್ನೊಂದು ಕಡೆ ಭೂಪಾಲಯ್ಯನವರ ಕಾಟ. ಸಭೆಯಲ್ಲೇ ಸನ್ಮಾನವೆಂದು ಶಾಲು ಹೊದಿಸಿದರು. ಶಾಲಿನ ತುಂಬ ನಶ್ಯ. ಹೊದಿಸಿದವರು, ಹಾರ ಹಿಡಿದವರು, ಫೋಟೋ ತೆಗೆಯುವವರು ಎಲ್ಲ ಸೀನಿ ಸುಸ್ತಾದರು. ಇವರು ಶಾಲು ಮಡಚಿಕೊಂಡು ಬಂದು, "ಉಣ್ಣೆದು ಕಣೇ, ಚಳಿಗಿರ್ಲಿ" ಎಂದು ನನಗೆ ಕೊಟ್ಟರು. ಇನ್ನೊಂದು ಸಲ ಪೇಟ ತೊಡಿಸಿದರು. ಅದರ ನವಿಲುಗರಿ ಸರಿಯಾಗಿ ಮೂಗಿನ ಮೇಲೆ ಓಲಾಡುವ ಹಾಗೆ ಕಟ್ಟಿಸಿದ್ದರು. ಇವರು ಇಡೀ ದಿನ ಅದನ್ನು ಉಫ್ ಉಫ್ ಎಂದು ಊದುತ್ತಲೇ ಆಯವ್ಯಯ ಓದಿ ಮುಗಿಸಿದರು. ಕೊನೆಗೆ ಭೂಪಾಲಯ್ಯನವರು ತಾವೇ ಹಳೆಯ ಕಡತಗಳನ್ನು ಮೇಜಿಗೆ ಬಡಿಬಡಿದು ಭಾಷಣ ಮಾಡಿ, ತಾವೇ ಸೀನಿ, ಪಂಚೆ ಸಡಿಲವಾಗಿ ಹೊರಗೆ ಓಡಿದರು.

ಕಡೆಗೆ ಯಜಮಾನರು ಜವರಪ್ಪಣ್ಣನ ಬಳಿಗೇ ಹೋದರು. ನಾನೂ ಜೊತೆಗೆ ಹೋಗಿದ್ದೆ.

"ಅಣ್ಣ, ಆ ಕಾಯಿದೆ ತೆಗೀರಿ. ಜನ ಸಪ್ಪೆ ತಿಂದು ತಿಂದು ಸೊರಗ್ತಾ ಅವ್ರೆ."

"ಸಪ್ಪೆ ತಿಂದು ಸತ್ತೋರ್ನ ಕಂಡಿದ್ದೀಯೇನಯ್ಯಾ? ಸರ್ಕಾರ ಬಿದ್ದು ಕೆಟ್ಟೋರ್ನ ನಾನು ಬೇಕಾದಷ್ಟು ಕಂಡಿದ್ದೀನಿ. ಸುಮ್ನೆ ಕೂತ್ಕೊ. ನಿನ್ನ ಮೂಗು ನಿಂದಲ್ಲ, ಪಕ್ಷದ್ದು."

"ಹಂಗಾದ್ರೆ ನಾನು ರಾಜೀನಾಮೆ ಕೊಡ್ತೀನಿ."

ಜವರಪ್ಪಣ್ಣ ಎಷ್ಟು ನಕ್ಕರೆಂದರೆ ನಗು ಸೀನಿಗೆ ತಿರುಗಿತು. ಸ್ಪೀಕರ್ ನರಸಿಂಗರಾಯರನ್ನು ಕೇಳಿದ ಮೇಲೆ ಆ ನಗುವಿನ ಅರ್ಥ ತಿಳಿಯಿತು. ವಯಸ್ಸಾದವರು, ನಿಯಮ ಬಿಟ್ಟು ಕೂದಲೆಳೆಯಷ್ಟೂ ಕದಲದವರು.

"ಸೀನದೆ ಇಳಿಯೋದಕ್ಕೆ ನಮ್ಮಲ್ಲಿ ನಿಯಮವೇ ಇಲ್ಲ ಸ್ವಾಮಿ. ಬೇಕಿದ್ರೆ ಸಭೆಗೆ ಬಂದು ಸೀನಿ" ಎಂದರು.

"ಬರಲ್ವಲ್ಲ ಬುದ್ಧಿ!"

"ಅದಕ್ಕೆ ನಾನೇನು ಮಾಡ್ಲಿ? ಇನ್ನೊಂದು ಮಾತು. ಸೀನಿದ್ರೆ ಒಂದೇ ಸೀನಬೇಕು. ಒಂಟಿ ಸೀನು ಅಪಶಕುನ, ಸರ್ಕಾರ ಬೀಳ್ತದೆ. ಜೋಡಿ ಸೀನಿದ್ರೆ ಶುಭ. ಹಾಗೇನಾದ್ರೂ ಆದ್ರೆ ಮುಂದಿನ ಚುನಾವಣೆ ತನಕ ಕುರ್ಚಿ ಬಿಡೋ ಹಾಗೇ ಇಲ್ಲ."

ಇವರು ಬೆವರೊರೆಸಿಕೊಂಡು ಎದ್ದು ಬಂದರು.

ಅಂದಿನಿಂದ ಬಂಗಲೆಯ ಹಿತ್ತಲಿನಲ್ಲಿ ಅಭ್ಯಾಸ ಶುರುವಾಯಿತು. ಸೂರ್ಯನನ್ನು ದಿಟ್ಟಿಸಿದರು, ಕಣ್ಣಲ್ಲಿ ನೀರು ಬಂತು. ಹುಲ್ಲುಕಡ್ಡಿ ತೂರಿಸಿಕೊಂಡರು, ನಗು ಬಂತು. ತಣ್ಣೀರು ಸುರಿದುಕೊಂಡು ಗಾಳಿಗೆ ಕೂತರು, ನಿದ್ದೆ ಬಂತು. ಬೆಕ್ಕನ್ನು ಮುಖಕ್ಕೆ ಒತ್ತಿಕೊಂಡರು, ಬೆಕ್ಕು ಸೀನಿತು.

ಒಂದು ಮಧ್ಯಾಹ್ನ ಇವರು ಕಡ್ಡಿ ಎಸೆದು ಕಚೇರಿಯ ಜಗಲಿಯ ಕಡೆ ನೋಡುತ್ತ ಕೂತರು. ಅಲ್ಲಿ ಬುಟ್ಟಿಗಳ ಸಾಲು ಗೇಟಿನವರೆಗೂ ಇತ್ತು. "ಚೆಲುವಾ, ನಿಜ ಹೇಳ್ತೀನಿ. ನಂಗೆ ಈ ಕೆಲ್ಸ ಹಿಡಿಸ್ಬುಟ್ಟದೆ. ನಾನು ಹೋದ ಮ್ಯಾಲೆ ಈ ಸಾಲು ಹಾಳಾಗೋಯ್ತದಲ್ಲೇ. ಅದ್ಕೇ ಏನೋ, ಸೀನು ಒಳಗೇ ಕೂತದೆ."

ಮಿಲ್ಲಿನವನು ಎಂದು ಒಳಗೊಳಗೇ ನಗುತ್ತಿದ್ದ ಅಧಿಕಾರಿಗಳ ನಡುವೆ ಇವರೊಬ್ಬರೇ ಒಂದೊಂದು ಬುಟ್ಟಿಯನ್ನೂ ಕೈಯಾರೆ ಎತ್ತಿ ನೋಡುತ್ತಿದ್ದರು. ಆದರೂ ಹೇಳಿದೆ: "ಬುಟ್ಟಿ ತಂದಿಡೋರು ಜನ ಕಣ್ರೀ, ನೀವಲ್ಲ. ಅವರಿಗೆ ಬೇಕಾದ್ರೆ ಸಾಲು ಇರ್ತದೆ. ಒಗ್ಗರಣೆ ಮಾತ್ರ ನೀವಿರೋವರ್ಗೂ ಬರಲ್ಲ."

"ಹೂಂ" ಎಂದರು. "ಆದ್ರೆ ಹ್ಯಾಗೆ?"

ಹೇಗೆ ಎನ್ನುವುದನ್ನು ನಾನು ಪುಟ್ಟಹೊನ್ನಮ್ಮನ ಜೊತೆ ಕೂತು ಯೋಚಿಸಿದೆ. ಅವಳ ಬೀದಿಯ ಹೆಂಗಸರು ಯಾರೂ ಸಾಸಿವೆ ಬಿಸಾಡಿರಲಿಲ್ಲ. ಒಬ್ಬಳು ದಿಂಬಿನೊಳಗೆ ಮೆಣಸಿನಕಾಯಿ ಅಡಗಿಸಿದ್ದಳು, ಒಬ್ಬಳು ಇಂಗನ್ನು ತಾಳಿಯ ಜೊತೆ ಕಟ್ಟಿಕೊಂಡಿದ್ದಳು. ಸಭೆಯ ಕೊನೆಯ ದಿನ, ಊಟದ ಹೊತ್ತಿಗೆ, ಬೀದಿಯುದ್ದಕ್ಕೂ ಎಲ್ಲ ಮನೆಗಳಲ್ಲೂ ಒಟ್ಟಿಗೆ ಒಲೆ ಹಚ್ಚುವುದೆಂದು ಮಾತಾಯಿತು. ಸೆಕೆಗೆ ಸಭೆಯ ಹಿಂದಿನ ಕಿಟಕಿಗಳೆಲ್ಲ ತೆರೆದೇ ಇರುತ್ತಿದ್ದವು.

ಆ ದಿನ ನಾನು ಪುಟ್ಟಹೊನ್ನಮ್ಮನ ಅಡುಗೆಮನೆಯಲ್ಲಿ ಸೆರಗು ಬಿಗಿದು ನಿಂತೆ. ಎಣ್ಣೆ ಕಾಯಿತು. ಸಾಸಿವೆ ಹಾಕಿದೆ. ಆ ಚಟಪಟ ಕೇಳಿ ಎಷ್ಟು ಕಾಲವಾಗಿತ್ತೋ, ಪುಟ್ಟಹೊನ್ನಮ್ಮ ಒಲೆಗೆ ಕೈ ಮುಗಿದಳು. ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಆಮೇಲೆ ಮುರಿದ ಒಣಮೆಣಸಿನಕಾಯಿ ಒಂದು ಹಿಡಿ, ಇನ್ನೊಂದು ಹಿಡಿ. ಪಕ್ಕದ ಮನೆಯಿಂದ ಚೊಂಯ್, ಎದುರು ಮನೆಯಿಂದ ಚೊಂಯ್, ಬೀದಿಯ ತುದಿಯವರೆಗೂ ಚೊಂಯ್ ಚೊಂಯ್. ಮೂಗುಗಾವಲಿನವರು ಲಾಠಿ ಹಿಡಿದು ಓಡಿ ಬಂದರು. ಬಂದವರು ಹೊಸಿಲಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟರು. ಅವರಲ್ಲಿ ದಪ್ಪ ಮೀಸೆಯವನೊಬ್ಬ ಕಣ್ಣೀರು ಸುರಿಸುತ್ತ, "ಅಮ್ಮಾ, ಅನ್ನ ಇದ್ರೆ ಒಂದು ತುತ್ತು..." ಎಂದ. ಪುಟ್ಟಹೊನ್ನಮ್ಮ ಅವನನ್ನು ಕೂರಿಸಿ ತಟ್ಟೆ ಹಾಕಿದಳು.

ಘಾಟು ಮೋಡದ ಹಾಗೆ ಎದ್ದು ಸಭೆಯ ಕಿಟಕಿಗಳೊಳಗೆ ನುಗ್ಗಿತು. ನಾನು ಸಾರಿಗೆ ಒಗ್ಗರಣೆ ಬೆರೆಸಿ, ಅನ್ನದ ಡಬ್ಬಿಯನ್ನೂ ಕಂಕುಳಿಗೆ ಇರುಕಿಕೊಂಡು ಓಡಿದೆ. ತಡೆಯಬೇಕಾದ ಮಾರ್ಷಲ್‌ಗಳು ಬಾಗಿಲಿನಲ್ಲಿ ಸೀನುತ್ತ ಒಬ್ಬರಿಗೊಬ್ಬರು ಆತುಕೊಂಡಿದ್ದರು. ಒಳಗೆ ನೋಡಿದರೆ ಆಡಳಿತ ಪಕ್ಷವಿಲ್ಲ, ವಿರೋಧ ಪಕ್ಷವಿಲ್ಲ, ಎಲ್ಲರೂ ಒಂದೇ ಸಮನೆ ಆಕ್ಷೀ ಆಕ್ಷೀ. ಸ್ಪೀಕರ್ ಸುತ್ತಿಗೆ ಬಡಿಯಲು ಎತ್ತುವುದು, ಸೀನುವುದು, ಮತ್ತೆ ಎತ್ತುವುದು. ಆ ಗದ್ದಲದ ನಡುವೆ ನಮ್ಮ ಯಜಮಾನರೊಬ್ಬರೇ ಎದ್ದು ನಿಂತು, ಮುಖ ಮೇಲೆತ್ತಿ, ಉಸಿರೆಳೆದುಕೊಳ್ಳುತ್ತಿದ್ದರು.

"ಆಹಾ! ಇದು ನನ್ನ ಹೆಂಡ್ತಿ ಒಗ್ಗರಣೆ!" ಎಂದರು. ಸೀನು ಮಾತ್ರ ಬರಲಿಲ್ಲ.

ನಾನು ಹತ್ತಿರ ಹೋಗಿ ಸಾರಿನ ಪಾತ್ರೆಯನ್ನು ಮೂಗಿನ ಕೆಳಗೇ ಹಿಡಿದೆ. ಮೂಗು ಒಂದು ಸಲ ಅರಳಿತು, ಅಷ್ಟೇ. ಇಡೀ ಬೀದಿಯ ಹೆಂಗಸರು ಜೈಲಿಗೆ ಹೋಗುವುದಷ್ಟೇ ಉಳಿದದ್ದು ಅಂದುಕೊಂಡೆ. ಇವರಿಗೆ ಆ ಯೋಚನೆಯೇ ಇಲ್ಲ. ಹಸಿದ ಮಗುವಿನ ಹಾಗೆ ಡಬ್ಬಿ ಕಿತ್ತುಕೊಂಡು, ಮುಖ್ಯಮಂತ್ರಿಯ ಮೇಜಿನ ಮೇಲೆಯೇ ಇಟ್ಟು, ಅದಕ್ಕೆ ಸಾರು ಸುರಿದು ಕಲಸಿ, ದೊಡ್ಡ ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತಿಟ್ಟು, "ಚೆಲುವಾ..." ಎಂದು ಏನೋ ಹೇಳಹೊರಟರು, ನೆತ್ತಿಗೆ ಹತ್ತಿತು.

ಕೆಮ್ಮಿದರು. ಮುಖ ಕೆಂಪಾಯಿತು. ನಾನು ತಲೆ ತಟ್ಟಿದೆ. ಕೆಮ್ಮು ನಿಂತು ಬಾಯಿ ಅರ್ಧ ತೆರೆದಂತೆಯೇ ಉಳಿಯಿತು. ಹುಬ್ಬು ಮೇಲೇರಿತು. ಸಭೆಯಲ್ಲಿ ಸೀನುತ್ತಿದ್ದವರೆಲ್ಲ ಸೀನನ್ನು ಅರ್ಧದಲ್ಲೇ ನಿಲ್ಲಿಸಿ ನೋಡಿದರು.

"ಆ... ಆ... ಆಕ್ಷೀ!"

ಎಷ್ಟು ವರ್ಷದಿಂದ ಕೂಡಿಟ್ಟ ಸೀನೋ ಏನೋ, ಮೇಜಿನ ಮೇಲಿದ್ದ ಕಾಗದಗಳೆಲ್ಲ ಹಾರಿಹೋದವು. ಇವರು ಬೆಕ್ಕಸಬೆರಗಾಗಿ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಅವರ ಹುಬ್ಬು ಮತ್ತೆ ಮೇಲೇರತೊಡಗಿತು.

"ಇನ್ನೊಂದು! ಇನ್ನೊಂದು ಬರ್ತದೆ!" ಎಂದು ಜವರಪ್ಪಣ್ಣ ಕೂಗಿದರು. "ಬಿಡಯ್ಯಾ, ತಡೀಬೇಡ!"

ನಾನು ಪಾತ್ರೆ ಬಿಸಾಡಿ, ಎರಡು ಕೈಯಿಂದಲೂ ಇವರ ಮೂಗು ಹಿಡಿದೆ. ಜವರಪ್ಪಣ್ಣ ನನ್ನನ್ನು ಎಳೆಯಲು ಬಂದರು. ಭೂಪಾಲಯ್ಯನವರು ಬೆಂಚು ಹಾರಿ ಬಂದು ಜವರಪ್ಪಣ್ಣನ ಸೊಂಟ ತಬ್ಬಿಕೊಂಡು, "ಹಿಡ್ಕೊಳಿ ತಾಯಿ, ಗಟ್ಟಿಯಾಗಿ ಹಿಡ್ಕೊಳಿ! ನಾನಿದ್ದೀನಿ!" ಎಂದರು. ಇವರ ಕೆನ್ನೆ ಉಬ್ಬಿತು, ಕಿವಿ ಅಲುಗಾಡಿತು, ಕಣ್ಣು ಎರಡು ನಿಂಬೆಹಣ್ಣಾಯಿತು. ನಾನು ಬಿಡಲಿಲ್ಲ. "ಬೇಗ ಹೇಳಿ ಸ್ವಾಮಿ!" ಎಂದು ಸ್ಪೀಕರ್ ಕಡೆ ಕಿರುಚಿದೆ.

ನರಸಿಂಗರಾಯರು ಕನ್ನಡಕ ಒರೆಸಿ, ಹಾಕಿಕೊಂಡು, ಇವರ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, ಕೊನೆಗೂ ಸುತ್ತಿಗೆ ಬಡಿದರು. "ಒಂಟಿ! ಸರ್ಕಾರ ಬಿದ್ದಿದೆ."

ಕೈ ಹಿಡಿದುಕೊಂಡು ಹೊರಗೆ ಬಂದೆವು. ಮೆಟ್ಟಿಲ ಮೇಲೆ ಕಾಲಿಟ್ಟದ್ದೇ, ತಡೆದಿದ್ದ ಎರಡನೆಯದು ಗುಡುಗಿನ ಹಾಗೆ ಹೊರಬಂತು. ಒಳಗಿನಿಂದ ಜವರಪ್ಪಣ್ಣ, "ಜೋಡಿ ಆಯ್ತು! ಜೋಡಿ ಆಯ್ತು!" ಎಂದು ಕೂಗಿದ್ದು ಕೇಳಿಸಿತು. ಅದಕ್ಕೆ ನರಸಿಂಗರಾಯರು, "ಮೆಟ್ಟಿಲು ಸಭೆಗೆ ಸೇರಿದ್ದಲ್ಲ ಸ್ವಾಮಿ, ಪುರಸಭೆಗೆ ಸೇರಿದ್ದು" ಎಂದರು.

ಅಪರೂಪದ ಮೂಗು ಹೋಯಿತು, ಅದನ್ನು ಕಾಯುವ ಕಾಯಿದೆಯೂ ಹೋಯಿತು. ಮುಂದಿನ ಸರದಿ ಭೂಪಾಲಯ್ಯನವರದು. ಮೊದಲ ದಿನ ಅವರು ಕಚೇರಿಗೆ ಬಂದಾಗ ಜಗಲಿಯ ಮೇಲೆ ಬುಟ್ಟಿಗಳ ಸಾಲು ಹಾಗೇ ಇತ್ತು. ಎತ್ತಿಸಿದರು. ಮರುದಿನ ಮತ್ತೆ ಇತ್ತು. ಒಂದನ್ನು ಒದೆಯಲು ಹೋದರೆ, ಅದು ಪುಟ್ಟಹೊನ್ನಮ್ಮನದು, ಅವಳು ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಅವರೂ ಸುಮ್ಮನೆ ಬುಟ್ಟಿ ಎತ್ತಿ ನೋಡತೊಡಗಿದರು ಎಂದು ಕೇಳಿದೆ. ಇದನ್ನು ಇವರಿಗೆ ಹೇಳಿದಾಗ ಎದ್ದು ಹೋಗಿ ಹೊಳೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬಂದರು.

ನಮ್ಮ ಮಿಲ್ಲಿನ ಬೀಗ ತೆಗೆದೆವು. ಬೆಲ್ಟು ತಿರುಗಿತು, ಕೆಂಪು ಪುಡಿ ಎದ್ದಿತು, ಇವರು ಒಂದೇ ಸಮನೆ ಸೀನತೊಡಗಿದರು. ಮಾವಿನ ಕಾಲ ಪೂರ್ತಿ ಘಾಟಿಲ್ಲದ ಊರಿನ ಗಾಳಿ ಕುಡಿದು ಅವರ ಮೂಗು ಎಳೆ ಮಗುವಿನ ಮೂಗಿನ ಹಾಗಾಗಿಬಿಟ್ಟಿತ್ತು. ಮಿಲ್ಲು ನಡೆಸುವುದು ಇನ್ನು ಅವರ ಕೈಲಾಗದ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಈಗ ನಾನೇ ನಡೆಸುತ್ತೇನೆ. ಗಂಡಸಿಗೆ ಮನೆತನದ ಕೆಲಸ ಕೈಬಿಟ್ಟುಹೋದರೆ ಮನಸ್ಸು ಮುದುಡುತ್ತದೆ ಎಂದು ನನಗೆ ಹೆದರಿಕೆಯಿತ್ತು. ಒಂದು ದಿನ ಬೀಸುತ್ತಿರುವಾಗ ತಿರುಗಿ ನೋಡಿದರೆ ಇವರು ಬಾಗಿಲಿನಲ್ಲಿ ನಿಂತಿದ್ದರು. ಒಂದು ಹೆಜ್ಜೆ ಒಳಗಿಟ್ಟು, ಉದ್ದಕ್ಕೆ ಉಸಿರೆಳೆದುಕೊಂಡು, ಮೈಯೆಲ್ಲ ಅದುರುವ ಹಾಗೆ ಸೀನಿ, ಹೊರಗೆ ಓಡಿಹೋದರು. ತುಸು ಹೊತ್ತಾದ ಮೇಲೆ ಮತ್ತೆ ಬಂದರು, ಸೀನಿದರು, ಹೋದರು. ಮೂರನೆಯ ಸಲ ಬಂದಾಗ ನಾನು ಮಿಲ್ಲು ನಿಲ್ಲಿಸಿ, "ಏನ್ರೀ ಇದು?" ಎಂದೆ.

ಕಣ್ಣಲ್ಲಿ ನೀರು, ಮೂಗು ಕೆಂಪು, ಮುಖದ ತುಂಬ ನಗು.

"ಚೆಲುವಾ, ಇದು ಇಷ್ಟು ಸುಖ ಅಂತ ಇಷ್ಟು ವರ್ಸ ಯಾರೂ ನಂಗೆ ಹೇಳ್ಲೇ ಇಲ್ವಲ್ಲೇ! ನಿಮ್ಗೆಲ್ಲಾ ಮೊದ್ಲಿಂದ್ಲೂ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

"ಇನ್ನೊಂದ್ಸಲ ಒಳಿಕ್ಕೆ ಬರ್ಲಾ?"

ನಾನು ಒಂದು ಹಿಡಿ ಜಾಸ್ತಿ ಮೆಣಸಿನಕಾಯಿ ಹಾಕಿ ಮಿಲ್ಲು ಶುರುಮಾಡಿದೆ.